ಯುಗಾದಿಗೆ ನಮ್ಮದೇ ಒಂದು ಪದ್ಧತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾವು ದೇವನಹಳ್ಳಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿದ್ದೇವೆ. ನನ್ನ ತವರು ಧಾರವಾಡದ ಕಡೆ. ನಮ್ಮ ಮನೆಯವರದು ದೊಡ್ಡಬಳ್ಳಾಪುರ ತಾಲೂಕಿನ ಒಂದು ಹಳ್ಳಿ. ಮಾವನವರು ತೀರಿಕೊಂಡು ಮೂರು ವರ್ಷ ಆಯಿತು. ಆಮೇಲೆ ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಹೊಲ, ಬಾವಿ, ಹಳೇಮನೆ ಎಲ್ಲವನ್ನೂ ಮಾರಿದರು. ಅತ್ತೆಯವರಿಗೆ 74 ವರ್ಷ, ಈಗ ನಮ್ಮ ಜೊತೆಯೇ ಇದ್ದಾರೆ. ಹೋದ ವರ್ಷ ಯುಗಾದಿಗೆ ತೋರಣ, ಹೊಸಬಟ್ಟೆ, ಒಬ್ಬಟ್ಟು ಎಲ್ಲ ಮಾಡಿದೆವು. ಅತ್ತೆ ಒಬ್ಬಟ್ಟು ಮುಟ್ಟಲಿಲ್ಲ. “ಇದು ಯುಗಾದಿ ಅಲ್ಲ ಕಣಮ್ಮ, ಬರೀ ರಜ” ಅಂದುಬಿಟ್ಟರು. ಊರಿನಲ್ಲಿ ಹೊನ್ನೇರು ಕಟ್ಟುತ್ತಿದ್ದುದು, ಹೊಲದ ಹೊಂಗೆ ಮರದ ಕೆಳಗೆ ತಾವು ನೀರಿನ ಗಡಿಗೆ ಇಡುತ್ತಿದ್ದುದು, ಇಂಥದ್ದನ್ನೇ ಹೇಳುತ್ತಿರುತ್ತಾರೆ. ಒಂಬತ್ತು ವರ್ಷದ ಮಗಳು “ಅಜ್ಜಿ ಹಬ್ಬದ ದಿನ ಯಾಕೆ ಅಳ್ತಾರೆ” ಅಂತ ಕೇಳುತ್ತಾಳೆ. ಇಲ್ಲಿ ಹೊಲವಿಲ್ಲ, ಎತ್ತಿಲ್ಲ. ನಾವೇ ಏನಾದರೂ ಹೊಸ ಪದ್ಧತಿ ಮಾಡಿಕೊಂಡರೆ ಶಾಸ್ತ್ರ ಒಪ್ಪುತ್ತದೆಯೇ? ದೋಷವಿದೆಯೇ? ನನ್ನ ತವರಿನ ಕ್ರಮವನ್ನೂ ಸೇರಿಸಬಹುದೇ? ಹೊಸತೊಡಕಿನ ಬಗ್ಗೆಯೂ ಒಂದು ಮಾತು ಹೇಳಿ, ನಾನು ಮಾಂಸ ತಿನ್ನುವವಳಲ್ಲ. — ಹೆಸರು ಬೇಡ ಎಂದಿರುವ ಓದುಗರು, ದೇವನಹಳ್ಳಿ

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಓದಿದಾಗ ಇದು ದೋಷ ಪರಿಹಾರದ ಪ್ರಶ್ನೆ ಅಂದುಕೊಂಡೆ. ಎರಡನೇ ಸಲ ಓದಿದಾಗ ಉತ್ತರ ನಿಮ್ಮ ಪತ್ರದಲ್ಲೇ ಇದೆ ಅನ್ನಿಸಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಶಾಸ್ತ್ರದ ಮಾತು ಮುಗಿಸೋಣ.

ಹೊಸದಾಗಿ ಪದ್ಧತಿ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಮನುಸ್ಮೃತಿಯ ಎರಡನೇ ಅಧ್ಯಾಯ ಧರ್ಮವನ್ನು ಗುರುತಿಸಲು ನಾಲ್ಕು ದಾರಿ ಹೇಳುತ್ತದೆ: ವೇದ, ಸ್ಮೃತಿ, ಸಜ್ಜನರ ಆಚಾರ, ಕೊನೆಗೆ ತನ್ನ ಮನಸ್ಸಿಗೆ ಪ್ರಿಯವಾದದ್ದು. ಮನಸ್ಸಿಗೆ ಹಿತವಾದದ್ದಕ್ಕೂ ಜಾಗ ಇದೆ, ಆದರೆ ನಾಲ್ಕನೇ ಜಾಗ ಅನ್ನುವುದನ್ನು ಮರೆಯಬಾರದು. ಮೊದಲ ಮೂರಕ್ಕೆ ವಿರೋಧ ಬರದಂತೆ ನೀವು ಮನೆಮಟ್ಟಿಗೆ ಏನನ್ನು ಸೇರಿಸಿಕೊಂಡರೂ ದೋಷವಿಲ್ಲ. ಬಿಡಬಾರದ್ದನ್ನು ಬಿಟ್ಟು ಅದರ ಜಾಗದಲ್ಲಿ ಹೊಸದನ್ನು ತಂದಿಟ್ಟರೆ ಮಾತ್ರ ಆಕ್ಷೇಪ.

ಆಪಸ್ತಂಬ ಧರ್ಮಸೂತ್ರದ ಕೊನೆಯಲ್ಲಿ ಒಂದು ಮಾತು ಬರುತ್ತದೆ. ಗ್ರಂಥದಲ್ಲಿ ಹೇಳದೆ ಉಳಿದ ಧರ್ಮಗಳನ್ನು ಹೆಂಗಸರಿಂದ ಮತ್ತು ಎಲ್ಲ ವರ್ಣದ ಜನರಿಂದ ತಿಳಿದುಕೊಳ್ಳಬೇಕು ಎಂಬುದು ಕೆಲವರ ಅಭಿಪ್ರಾಯ ಎನ್ನುತ್ತಾನೆ ಸೂತ್ರಕಾರ. ಎರಡು ಭಾಗ ಪೂರ್ತಿ ಧರ್ಮ ಹೇಳಿ ಕೊನೆಗೆ, ಮಿಕ್ಕದ್ದನ್ನು ಮನೆಯ ಹೆಂಗಸರನ್ನು ಕೇಳಿ ಅಂದಹಾಗೆ ಆಯಿತು. ನಿಮ್ಮ ಮನೆಯಲ್ಲಿ ಆ ‘ಮಿಕ್ಕ ಧರ್ಮ’ ಗೊತ್ತಿರುವವರು ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ. ನನ್ನನ್ನು ಕೇಳುವ ಮೊದಲು ಅವರನ್ನು ಕೇಳಬೇಕಿತ್ತು. ಇದು ಬೈಗುಳವಲ್ಲ ತಾಯಿ. ನಾವೆಲ್ಲರೂ ಹಿರಿಯರಿಗೆ ಹಬ್ಬ ‘ಮಾಡಿಕೊಡುತ್ತೇವೆ’, ಅವರಿಂದ ಮಾಡಿಸುವುದಿಲ್ಲ.

ಬಿಡಬಾರದ್ದು ಯಾವುದು ಅಂತ ನೋಡೋಣ. ಚೈತ್ರ ಶುದ್ಧ ಪಾಡ್ಯದ ದಿನ ಎಣ್ಣೆ ಸ್ನಾನ, ಬೇವು ಬೆಲ್ಲ, ದೇವರ ಪೂಜೆ, ಪಂಚಾಂಗ ಶ್ರವಣ. ಎಣ್ಣೆ ಸ್ನಾನವನ್ನು ಧರ್ಮಸಿಂಧು ‘ನಿತ್ಯ’ ಎಂದು ಹೇಳುತ್ತದೆ, ಅಂದರೆ ಇಷ್ಟ ಇದ್ದರೆ ಮಾಡುವಂಥದ್ದಲ್ಲ, ಮಾಡಲೇಬೇಕಾದದ್ದು. ಆದ್ದರಿಂದ ಗುರುವಾರ ಗಂಡಸರು ಎಣ್ಣೆ ಹಚ್ಚಬಾರದಲ್ಲವೇ ಎಂಬ ಸಂಶಯ ಈ ದಿನಕ್ಕೆ ಅನ್ವಯಿಸುವುದಿಲ್ಲ. ಈ ಸಲ ಯುಗಾದಿ ಗುರುವಾರವೇ ಬಂದಿದೆ, 2026ರ ಮಾರ್ಚ್ 19.

ಈ ವರ್ಷ ಒಂದು ವಿಶೇಷವಿದೆ, ಎಲ್ಲ ಓದುಗರೂ ಗಮನಿಸಿ. ದೃಗ್ಗಣಿತ ಪಂಚಾಂಗದ ಪ್ರಕಾರ 19ರಂದು ಸೂರ್ಯ ಹುಟ್ಟುವ ಹೊತ್ತಿಗೆ ಇನ್ನೂ ಅಮಾವಾಸ್ಯೆ ಇರುತ್ತದೆ. ಬೆಳಿಗ್ಗೆ 7ಕ್ಕೆ ಸ್ವಲ್ಪ ಮುಂಚೆ ಪಾಡ್ಯ ಬರುತ್ತದೆ, ಮರುದಿನ ಬೆಳಗಾಗುವ ಮೊದಲೇ ಮುಗಿದುಹೋಗುತ್ತದೆ. ಹೀಗೆ ಯಾವ ಸೂರ್ಯೋದಯಕ್ಕೂ ಸಿಗದ ತಿಥಿಯನ್ನು ಕ್ಷಯತಿಥಿ ಎನ್ನುತ್ತಾರೆ. ಹಬ್ಬವೇನೋ 19ಕ್ಕೇ. ಆದರೆ ಅಮಾವಾಸ್ಯೆಯಲ್ಲಿ ಎಣ್ಣೆ ಹಚ್ಚುವುದು ಬೇಡ ಎನ್ನುವವರು ನಾಲ್ಕು ಗಂಟೆಗೆ ಎದ್ದು ಮಕ್ಕಳ ತಲೆಗೆ ಎಣ್ಣೆ ತಟ್ಟುವ ಆತುರ ಮಾಡದೆ ಏಳು ಗಂಟೆ ಆಗಲಿ ಎಂದು ಕಾದರೆ ಸಾಕು. ಮಕ್ಕಳಿಗೂ ನಿದ್ದೆ ಸಿಕ್ಕಿತು.

ಇನ್ನು ನಿಮ್ಮ ತವರಿನ ಕ್ರಮ. ನಿಮ್ಮ ಕಡೆ ಬೇವನ್ನು ಕುಡಿಯುತ್ತಾರೆ: ಬೇವಿನ ಹೂವು, ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು, ದ್ರಾಕ್ಷಿ ಗೋಡಂಬಿ ಹಾಕಿ ಪಾನಕದ ಹಾಗೆ. ಈ ಕಡೆ ಬೇವು ಬೆಲ್ಲವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಾರೆ. ಇವೆರಡರಲ್ಲಿ ಯಾವುದು ಸರಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಆ ಹೊತ್ತಿನಲ್ಲಿ ಹೇಳುವ ಶ್ಲೋಕದ ಅರ್ಥ, ನೂರು ವರ್ಷದ ಆಯುಸ್ಸಿಗೆ, ವಜ್ರದಂಥ ದೇಹಕ್ಕೆ, ಸಂಪತ್ತಿಗೆ, ಕೆಡುಕು ಕಳೆಯುವುದಕ್ಕೆ ಬೇವಿನ ದಳ ತಿನ್ನುತ್ತೇನೆ ಎಂದು. ಪುಟಾಣಿ ಹಾಕಬೇಕು ಅಂತಲೂ ಇಲ್ಲ, ಹಾಕಬಾರದು ಅಂತಲೂ ಇಲ್ಲ. ಅತ್ತೆಯವರ ಕೈಯಿಂದ ಮೊದಲು ಬೇವು ಬೆಲ್ಲ ತೆಗೆದುಕೊಳ್ಳಿ, ಊಟಕ್ಕೆ ಮುಂಚೆ ನಿಮ್ಮ ಕೈಯಿಂದ ಅವರಿಗೆ ಒಂದು ಲೋಟ ಧಾರವಾಡದ ಬೇವು ಕೊಡಿ. ಅವರು ಮೂಗು ಮುರಿದರೂ ಮುರಿಯಬಹುದು. ಎರಡನೇ ವರ್ಷಕ್ಕೆ ಅವರೇ ಕೇಳುತ್ತಾರೆ ನೋಡಿ.

ಹೂವಿನ ಬಗ್ಗೆ ಒಂದು ಮಾತು. ಯುಗಾದಿ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, ಈಗ ಮಾರ್ಚ್ 19, ಮುಂದಿನ ವರ್ಷ ಏಪ್ರಿಲ್ 7. ಚಾಂದ್ರಮಾನದ ವರ್ಷ ಸುಮಾರು 354 ದಿನದ್ದು. ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ ಬೀಳುತ್ತದೆ, ಆ ಸಾಲ ತೀರಿಸಲು ಮೂರು ವರ್ಷಕ್ಕೊಮ್ಮೆ ಎಂಬಂತೆ ಅಧಿಕ ಮಾಸ ಬರುತ್ತದೆ. ಈ ಸಲ ಹಬ್ಬ ಬೇಗ ಬಂದಿರುವುದರಿಂದ ನಿಮ್ಮ ಕಡೆ ಬೇವು ಇನ್ನೂ ಮೊಗ್ಗಿನಲ್ಲೇ ಇರಬಹುದು. ಹೂವು ಸಿಗಲಿಲ್ಲ ಎಂದು ಮಾರ್ಕೆಟ್ಟಿನಲ್ಲಿ ಒಣಗಿದ್ದನ್ನು ತರಬೇಡಿ, ಎಳೆಯ ಚಿಗುರು ಸಾಕು. ಶ್ಲೋಕ ಹೇಳುವುದೂ ದಳವನ್ನೇ.

ಬೇವಿಗೆ ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಿ. ಹೊಸವರ್ಷ ಈಗ ಯಾಕೆ ಎಂದು ಮಗು ಕೇಳಿದರೆ ಮರ ತೋರಿಸಿದರೆ ಸಾಕು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಕಡೆ ಹೋಗುವ ರಸ್ತೆಯಲ್ಲಿ ಈಗಲೂ ಹೊಂಗೆ ಮರಗಳಿವೆ. ಒಂದು ವಾರದ ಹಿಂದೆ ಬೋಳಾಗಿದ್ದ ಮರ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಎಲೆ ಬಿಟ್ಟಿರುತ್ತದೆ. ಅರಳಿ ಮರದ ಚಿಗುರು ತಾಮ್ರದ ಬಣ್ಣಕ್ಕಿರುತ್ತದೆ. ಬೀಳು ಬಿದ್ದ ಜಾಗದಲ್ಲಿ ಎಲ್ಲಾದರೂ ಮುತ್ತುಗ ಉಳಿದಿದ್ದರೆ ಎಲೆಯೇ ಇಲ್ಲದೆ ಬರೀ ಹೂವು. ಗೀತೆಯ ಹತ್ತನೇ ಅಧ್ಯಾಯದಲ್ಲಿ ಭಗವಂತ ಋತುಗಳಲ್ಲಿ ನಾನು ಕುಸುಮಾಕರ, ಅಂದರೆ ಹೂವುಗಳ ಗಣಿಯಾದ ವಸಂತ, ಎಂದಿದ್ದಾನೆ. ನಿಮ್ಮ ಕಾಂಪೌಂಡಿನಲ್ಲಿ ಗುಲಾಬಿ ಬಣ್ಣದ ಹೂವು ಸುರಿಸುವ ವಿದೇಶಿ ಮರಗಳೂ ಇರಬಹುದು. ಅವೂ ಚೆನ್ನ, ಬೇಡ ಅನ್ನುವುದಿಲ್ಲ. ಆದರೆ ಮಗುವಿಗೆ ಹೊಂಗೆ ಗೊತ್ತಿರಲಿ.

ಪಂಚಾಂಗ ಶ್ರವಣವನ್ನು ಈಗ ಟೀವಿಗೆ ಬಿಟ್ಟುಕೊಟ್ಟಿದ್ದೇವೆ. ರಾಶಿಫಲ ಕೇಳಿ ಏಳುತ್ತೇವೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗ ಕೇಳುವುದು ಪಂಚಾಂಗ ಶ್ರವಣ. ಹಳ್ಳಿಯಲ್ಲಿ ಜನ ಕಿವಿಗೊಡುತ್ತಿದ್ದುದು ಮಳೆ ನಕ್ಷತ್ರಕ್ಕೆ. ಅಶ್ವಿನಿ ಹೇಗೆ, ಭರಣಿ ಹೇಗೆ, ಈ ವರ್ಷ ಎಷ್ಟು ಕೊಳಗ ಮಳೆ. ಪೂಜೆಗೆ ಕೂತಾಗ ಸಂಕಲ್ಪವನ್ನು ನಿಧಾನವಾಗಿ ಹೇಳಿಸಿ. ಆ ಒಂದು ದಿನ ಸಂಕಲ್ಪದಲ್ಲಿ ಐದು ಪದ ಒಟ್ಟಿಗೆ ಬದಲಾಗುತ್ತವೆ. ವಿಶ್ವಾವಸು ಹೋಗಿ ಪರಾಭವ, ಶಿಶಿರ ಹೋಗಿ ವಸಂತ, ಫಾಲ್ಗುಣ ಹೋಗಿ ಚೈತ್ರ, ಕೃಷ್ಣಪಕ್ಷ ಹೋಗಿ ಶುಕ್ಲಪಕ್ಷ, ಅಮಾವಾಸ್ಯೆ ಹೋಗಿ ಪಾಡ್ಯ. ವಸಂತವನ್ನು ಬರಮಾಡಿಕೊಳ್ಳುವ ಮಾತನ್ನು ನಾವು ಆ ಸಂಕಲ್ಪದಲ್ಲೇ ಆಡುತ್ತೇವೆ, ಯಾರೂ ಗಮನಿಸುವುದಿಲ್ಲ ಅಷ್ಟೇ.

ಪರಾಭವ ಅಂದರೆ ಸೋಲು, ಅಪಶಕುನವೇ ಎಂದು ಈಗಾಗಲೇ ಮೂರು ಜನ ಬರೆದಿದ್ದಾರೆ. ಅದು ಅರವತ್ತರ ಚಕ್ರದಲ್ಲಿ ನಲವತ್ತನೇ ಹೆಸರು, ಸರದಿ ಪ್ರಕಾರ ಬಂದಿದೆ. ಕಳೆದ ಸಲ 1966ರಲ್ಲಿ ಬಂದಿತ್ತು. ನಿಮ್ಮ ಅತ್ತೆಯವರಿಗೆ ಆಗ ಹದಿನಾಲ್ಕು ವರ್ಷ ಇರಬೇಕು. ಆ ಯುಗಾದಿ ಹೇಗಿತ್ತು, ಆ ವರ್ಷ ಬಾವಿಯಲ್ಲಿ ನೀರಿತ್ತೇ, ರಾಗಿ ಎಷ್ಟು ಬಂತು ಎಂದು ಮಗಳ ಕೈಯಲ್ಲಿ ಕೇಳಿಸಿ. ಮಗಳು ಅದನ್ನೊಂದು ನೋಟ್‌ಪುಸ್ತಕದಲ್ಲಿ ಬರೆಯಲಿ. ಪಕ್ಕದಲ್ಲಿ ಈ ವರ್ಷ ನಿಮ್ಮ ರಸ್ತೆಯ ಹೊಂಗೆ ಯಾವತ್ತು ಚಿಗುರಿತು, ಕೋಗಿಲೆ ಮೊದಲು ಯಾವತ್ತು ಕೂಗಿತು, ಮೊದಲ ಮಳೆ ಯಾವ ನಕ್ಷತ್ರದಲ್ಲಿ ಬಂತು ಎಂದು ಬರೆಯಲಿ. ಪ್ರತಿ ಯುಗಾದಿಗೆ ಪೂಜೆ ಆದಮೇಲೆ ಹಿಂದಿನ ವರ್ಷದ್ದನ್ನು ಗಟ್ಟಿಯಾಗಿ ಓದಿ, ಹೊಸ ಪುಟ ಶುರು ಮಾಡಿ. ಇದು ನಿಮ್ಮ ಮನೆ ಪಂಚಾಂಗ. ಪರಾಭವ ಇನ್ನೊಂದು ಸಲ ಬರುವುದು 2086ಕ್ಕೆ, ಆಗ ನಿಮ್ಮ ಮಗಳಿಗೆ 69.

ಹೊನ್ನೇರಿನ ವಿಷಯ. ಕೆಲವರು ಹೊನ್ನಾರು ಅಂತಲೂ ಅನ್ನುತ್ತಾರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಗೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲು ನೊಗಕ್ಕೆ ಪೂಜೆ ಮಾಡಿ ವರ್ಷದ ಮೊದಲ ಗೆರೆ ಹೂಡುತ್ತಾರೆ. ಯಾರ ಹೆಸರಿಗೆ ಮೊದಲ ನೇಗಿಲು ಬರುತ್ತದೆ ಎಂದು ಪಂಚಾಂಗ ನೋಡಿ ಹೇಳಿಸುವ ರೂಢಿಯೂ ಹಲವು ಊರುಗಳಲ್ಲಿದೆ. ಅದನ್ನು ಫ್ಲಾಟಿನಲ್ಲಿ ನಕಲು ಮಾಡಬೇಡಿ. ಅಂಗಡಿಯಲ್ಲಿ ಪುಟಾಣಿ ನೇಗಿಲು, ಮರದ ಎತ್ತು ಸಿಗುತ್ತವೆ. ಶೋಕೇಸಿಗೆ ಚೆನ್ನ, ಆದರೆ ನಿಜವಾದ ಎತ್ತು ಹೂಡಿ ಬಾಳಿದ ಹೆಂಗಸಿನ ಮುಂದೆ ಅದನ್ನಿಟ್ಟು ಅರಿಸಿನ ಹಚ್ಚಿದರೆ ಅವರಿಗೆ ಅವಮಾನ ಅನ್ನಿಸೀತು. ಅವರ ಕೈಗೆ ಮಣ್ಣು ಕೊಡಿ. ಹಬ್ಬಕ್ಕೆ ಮುಂಚಿನ ಭಾನುವಾರ ಅವರನ್ನು ಊರಿಗೆ ಕರೆದುಕೊಂಡು ಹೋಗಿ, ಈಗಿನ ಮಾಲೀಕರನ್ನು ಕೇಳಿ ಆ ಹೊಲದ ಒಂದು ಚೀಲ ಮಣ್ಣು ತನ್ನಿ. ಯಾರೂ ಇಲ್ಲ ಅನ್ನಲಾರರು. ಅಂದರೂ ಪಕ್ಕದ ಹೊಲದವರು ಕೊಡುತ್ತಾರೆ. ಬಾಲ್ಕನಿಯಲ್ಲಿ ಅಗಲವಾದ ಮಣ್ಣಿನ ಕುಂಡ ಇಟ್ಟು, ಯುಗಾದಿ ಪೂಜೆಯ ನಂತರ ಕುರ್ಚುಗಿಗೋ ಸಣ್ಣ ಗುದ್ದಲಿಗೋ ಅರಿಸಿನ ಕುಂಕುಮ ಹಚ್ಚಿ ಅತ್ತೆಯವರ ಕೈಯಲ್ಲಿ ಮೊದಲ ಗೆರೆ ಎಳೆಸಿ. ಒಂದು ಹಿಡಿ ರಾಗಿ, ಒಂದು ಹಿಡಿ ಮೆಂತ್ಯ. ಮೆಂತ್ಯ ನಾಲ್ಕೈದು ದಿನದಲ್ಲಿ ಮೊಳಕೆ ತೋರಿಸುತ್ತದೆ, ಮಕ್ಕಳಿಗೆ ಅಷ್ಟು ತಾಳ್ಮೆ ಇರುತ್ತದೆ. ಯಾವ ದಿಕ್ಕಿಗೆ ಎಳೆಯಬೇಕು, ಎಷ್ಟು ಆಳ, ಏನು ಹೇಳಿ ಎಳೆಯಬೇಕು ಎಂಬುದನ್ನು ಅವರೇ ಹೇಳಲಿ. ನೀವು ಯೂಟ್ಯೂಬ್ ನೋಡಿ ಸರಿಪಡಿಸಲು ಹೋಗಬೇಡಿ.

ಇನ್ನು ನಿಮ್ಮ ಪತ್ರದಲ್ಲೇ ಇದೆ ಎಂದೆನಲ್ಲ, ಆ ಉತ್ತರ. ಹೊಂಗೆ ಮರದ ಕೆಳಗೆ ನೀರಿನ ಗಡಿಗೆ. ನೀವು ಇದನ್ನು ಅತ್ತೆಯವರ ಹಳೇ ಕಥೆಗಳಲ್ಲಿ ಒಂದು ಎಂಬಂತೆ ಅರ್ಧ ಸಾಲಿನಲ್ಲಿ ಬರೆದಿದ್ದೀರಿ. ಅದು ಅವರೇ ಕಟ್ಟಿಕೊಂಡ ರೂಢಿ ಅಂತಲೂ ನೀವು ಅಂದುಕೊಂಡಿರಬಹುದು. ಅಲ್ಲ ತಾಯಿ, ಅದು ಶಾಸ್ತ್ರ. ನಿರ್ಣಯಸಿಂಧು, ಧರ್ಮಸಿಂಧು ಎರಡರಲ್ಲೂ ಚೈತ್ರ ಶುದ್ಧ ಪಾಡ್ಯದ ಕರ್ತವ್ಯಗಳಲ್ಲಿ ಪ್ರಪಾದಾನ ಎಂದು ಬರುತ್ತದೆ. ಪ್ರಪಾ ಅಂದರೆ ಕನ್ನಡದಲ್ಲಿ ಅರವಟ್ಟಿಗೆ. ದಾರಿಹೋಕರಿಗೆ ನೀರು ಕೊಡುವ ಜಾಗ. ನಮ್ಮ ಹಳೇ ಶಾಸನಗಳಲ್ಲೂ ಅರವಂಟಿಗೆ ಎಂಬ ಮಾತು ಬರುತ್ತದೆ, ಅದಕ್ಕೆಂದೇ ಭೂಮಿ ಬಿಟ್ಟವರಿದ್ದಾರೆ. ಯುಗಾದಿಯ ದಿನ ಶುರು ಮಾಡಿ ನಾಲ್ಕು ತಿಂಗಳು ತಪ್ಪದೆ ನೀರು ಕೊಡಬೇಕು. ಅರವಟ್ಟಿಗೆ ಕಟ್ಟುವ ಶಕ್ತಿ ಇಲ್ಲದವರು ದಿನಕ್ಕೊಂದು ಕೊಡ ತಣ್ಣೀರು ಕೊಟ್ಟರೂ ಆಯಿತು, ಅದಕ್ಕೆ ಧರ್ಮಘಟ ಎಂದು ಹೆಸರು.

ಆ ದಾನ ಕೊಡುವಾಗ ಹೇಳುವ ಮಂತ್ರದ ಅರ್ಥ ಕೇಳಿ: ಈ ನೀರಿನ ಅರವಟ್ಟಿಗೆಯನ್ನು ಎಲ್ಲ ಜೀವಿಗಳಿಗೂ ಸಾಮಾನ್ಯವಾಗಿ ಕೊಟ್ಟಿದ್ದೇನೆ, ಇದರಿಂದ ನನ್ನ ಪಿತೃಗಳೂ ಪಿತಾಮಹರೂ ತೃಪ್ತಿ ಹೊಂದಲಿ. ‘ಎಲ್ಲ ಜೀವಿಗಳಿಗೂ’ ಅನ್ನುವ ಮಾತನ್ನು ಗಮನಿಸಿ. ಇಂಥ ಜಾತಿಗೆ, ಇಂಥ ಮನೆಯವರಿಗೆ ಎಂದಿಲ್ಲ. ಮತ್ತೆ ಪಿತೃಗಳ ಮಾತು. ನಿಮ್ಮ ಮಾವನವರ ಬಾವಿ ಕೈಬಿಟ್ಟು ಹೋಯಿತು. ಆ ಬಾವಿಯಿಂದ ನೀರು ಸೇದಿ ಆ ಮರದ ಕೆಳಗೆ ಇಡುತ್ತಿದ್ದವರು ಏಳನೇ ಮಹಡಿಯಲ್ಲಿ ಕೈಕಟ್ಟಿ ಕೂತಿದ್ದಾರೆ. ‘ಬರೀ ರಜ’ ಅಂದದ್ದು ನಿಮ್ಮ ಒಬ್ಬಟ್ಟಿನ ಮೇಲಿನ ಸಿಟ್ಟಲ್ಲ. ಆ ದಿನ ಅವರಿಗೆ ಮಾಡಲು ಏನೂ ಕೆಲಸವಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ಹೊಸ ಪದ್ಧತಿ ಹುಡುಕುವುದು ಬೇಡ. ಅವರದೇ ಪದ್ಧತಿಯನ್ನು ನಿಮ್ಮ ಗೇಟಿಗೆ ತನ್ನಿ. ಗೇಟಿನಲ್ಲಿ ದಿನಕ್ಕೆ ಎಷ್ಟು ಜನ ನಿಲ್ಲುತ್ತಾರೆ ಲೆಕ್ಕ ಹಾಕಿ. ಸೆಕ್ಯೂರಿಟಿಯವರು, ಊಟ ತಂದುಕೊಡುವ ಹುಡುಗರು, ಮನೆಗೆಲಸದ ಹೆಂಗಸರು, ಪಕ್ಕದ ಕಟ್ಟಡದ ಗಾರೆ ಕೆಲಸದವರು. ಏಪ್ರಿಲ್ ಬಿಸಿಲಿನಲ್ಲಿ ಹೆಲ್ಮೆಟ್ ತೆಗೆದು ಒಂದು ಲೋಟ ನೀರು ಎಲ್ಲಿ ಕೇಳಬೇಕು ಎಂದು ಗೊತ್ತಿಲ್ಲದೆ ಹಾಗೇ ಹೋಗುವ ಹುಡುಗರನ್ನು ನಾನು ಕಂಡಿದ್ದೇನೆ. ಈ ಜಿಲ್ಲೆ ಬರಡು ಸೀಮೆ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಪಕ್ಕ ಹರಿಯುವ ಅರ್ಕಾವತಿಯಲ್ಲೇ ನೀರು ಕಾಣುವುದಿಲ್ಲ. ಇಲ್ಲಿ ನೀರು ಕೊಡುವುದನ್ನು ಹಿರಿಯರು ಹಬ್ಬದ ಜೊತೆ ಸೇರಿಸಿದ್ದು ಸುಮ್ಮನೆ ಅಲ್ಲ.

ಹೇಗೆ ಮಾಡುವುದು? ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ಉತ್ಸಾಹದಲ್ಲಿ ನಮ್ಮ ಬೀದಿಯಲ್ಲಿ ಅರವಟ್ಟಿಗೆ ಶುರು ಮಾಡಿದೆ. ಶಾಮಿಯಾನ, ಬ್ಯಾನರು, ಮೊದಲ ದಿನ ಮಜ್ಜಿಗೆ ಪಾನಕ ಕೋಸಂಬರಿ, ಫೋಟೋ. ಹನ್ನೆರಡನೇ ದಿನಕ್ಕೆ ಕ್ಯಾನು ತುಂಬಿಸುವವರೇ ಇಲ್ಲ. ಒಬ್ಬ ಮುದುಕ ಬಂದು ಖಾಲಿ ಕ್ಯಾನಿನ ನಲ್ಲಿ ತಿರುಗಿಸಿ ನೋಡಿ ಹೋದದ್ದನ್ನು ಕಿಟಕಿಯಿಂದ ನೋಡಿದೆ, ಇಳಿದು ಹೋಗುವಷ್ಟರಲ್ಲಿ ಅವನು ಇರಲಿಲ್ಲ. ‘ತಪ್ಪದೆ’ ಕೊಡಬೇಕು ಎಂದು ಶಾಸ್ತ್ರ ಯಾಕೆ ಹೇಳುತ್ತದೆ ಎಂದು ಆವತ್ತು ತಿಳಿಯಿತು. ಇಡುತ್ತೇವೆಂದು ಹೇಳಿ ಖಾಲಿ ಬಿಡುವುದಕ್ಕಿಂತ ಇಡದಿರುವುದೇ ವಾಸಿ.

ಅದಕ್ಕೇ ಚಿಕ್ಕದಾಗಿ ಮಾಡಿ. ಒಂದೇ ಗಡಿಗೆ. ಹಬ್ಬಕ್ಕೆ ವಾರ ಮುಂಚೆ ಕುಂಬಾರರ ಹತ್ತಿರ ಕೊಂಡು, ಎರಡು ಮೂರು ದಿನ ನೀರು ತುಂಬಿ ಚೆಲ್ಲಿ ಮಣ್ಣಿನ ವಾಸನೆ ಹದಕ್ಕೆ ಬರಲಿ. ಗಡಿಗೆಯನ್ನು ಅತ್ತೆಯವರೇ ಬೆರಳಲ್ಲಿ ಕುಟ್ಟಿ, ಸದ್ದು ಕೇಳಿ ಆರಿಸಲಿ. ಕೆಳಗೆ ಒದ್ದೆ ಮರಳು ಹಾಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ, ನೆರಳಿನಲ್ಲಿಡಿ. ಮೇಲೆ ಮುಚ್ಚಳ ಇರಲಿ. ಎಲ್ಲರ ಕೈಯೂ ಒಳಗೆ ಹೋಗದಂತೆ ಉದ್ದ ಹಿಡಿಯ ಲೋಟ ಇಡಿ, ಇಲ್ಲವೇ ನಲ್ಲಿ ಇರುವ ಗಡಿಗೆಯೇ ಸಿಗುತ್ತದೆ. ಕುಡಿಯಲು ನಾಲ್ಕು ಸ್ಟೀಲ್ ಲೋಟ. ನೀವು ಮನೆಯಲ್ಲಿ ಕುಡಿಯುವ ಫಿಲ್ಟರ್ ನೀರನ್ನೇ ಹಾಕಿ, ಟ್ಯಾಂಕರ್ ನೀರು ಬೇಡ. ನಾವು ಕುಡಿಯದ್ದನ್ನು ದಾನ ಕೊಡಬಾರದು. ದಿನಾ ಬೆಳಿಗ್ಗೆ ಗಡಿಗೆ ತೊಳೆದು ಹೊಸ ನೀರು. ಪಕ್ಕದಲ್ಲಿ ಹಕ್ಕಿಗಳಿಗೆ ಅಗಲ ಬಾಯಿಯ ತಟ್ಟೆ, ಜೇನುಹುಳ ಕೂರಲು ಅದರಲ್ಲೊಂದು ಕಲ್ಲು. ಆ ನೀರನ್ನೂ ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ.

ಮೊದಲ ದಿನ ಪೂಜೆ ಮುಗಿದ ಮೇಲೆ ಗಡಿಗೆಗೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ಎಲೆ ಬೇವಿನ ಕುಡಿ ಕಟ್ಟಿ, ಮಾವನವರ ಹೆಸರು ನೆನೆದು ಮಗ ನೀರು ತುಂಬಲಿ. ಮಂತ್ರ ಬಾರದಿದ್ದರೆ ಮೇಲೆ ಹೇಳಿದ ಅರ್ಥವನ್ನೇ ಕನ್ನಡದಲ್ಲಿ ಹೇಳಿ, ಸಾಕು. ಮೊದಲ ಲೋಟವನ್ನು ಅತ್ತೆಯವರು ಗೇಟಿನ ಸೆಕ್ಯೂರಿಟಿಯವರಿಗೆ ಕೊಡಲಿ. ಅವರು ಗಂಡ ತೀರಿಕೊಂಡವರು, ಕಲಶ ಕುಂಕುಮ ಮುಟ್ಟಬಹುದೇ ಎಂದು ಯಾರಾದರೂ ನೆಂಟರು ರಾಗ ಎಳೆದರೆ ಕಿವಿಗೆ ಹಾಕಿಕೊಳ್ಳಬೇಡಿ. ನೀರು ಕೊಡುವ ಧರ್ಮಕ್ಕೆ ಅಂಥ ಅಡ್ಡಿ ಎಲ್ಲೂ ಹೇಳಿಲ್ಲ, ಇದು ನನ್ನ ಖಚಿತ ಮಾತು.

ಅಸೋಸಿಯೇಷನ್ನಿನವರು ಗೇಟಿನ ಹತ್ತಿರ ಇಡಲು ಬಿಡದಿದ್ದರೆ? ಕೆಲವು ಕಡೆ ಆಗುತ್ತದೆ, ಅಂದ ಕೆಡುತ್ತದಂತೆ. ಮೊದಲು ಸೆಕ್ರೆಟರಿಯವರ ಮನೆಗೆ ಒಬ್ಬಟ್ಟು ತೆಗೆದುಕೊಂಡು ಹೋಗಿ ಕೇಳಿ. ಆಗಲೂ ಆಗದಿದ್ದರೆ ರಸ್ತೆಯ ಪಕ್ಕದ ಬೀಡಾ ಅಂಗಡಿಯವರೋ ಇಸ್ತ್ರಿ ಅಂಗಡಿಯವರೋ ಒಪ್ಪುತ್ತಾರೆ. ಅವರೂ ಅದೇ ನೀರು ಕುಡಿಯುವವರಲ್ಲವೇ.

ಹೊಸತೊಡಕಿಗೆ ಬರೋಣ. ಅದು ಯುಗಾದಿಯ ಮಾರನೇ ದಿನ. ನಿಮ್ಮ ಮನೆಯವರ ಕುಲಾಚಾರದಲ್ಲಿ ಆವತ್ತು ಬಾಡೂಟ ಇದ್ದರೆ ಅದು ಅವರ ಹಬ್ಬದ ಅಂಗವೇ. ನೀವು ತಿನ್ನದಿದ್ದರೆ ದೋಷವಿಲ್ಲ, ಅವರು ತಿಂದರೂ ನಿಮ್ಮ ಪೂಜೆಗೆ ದೋಷವಿಲ್ಲ. ಪಾತ್ರೆ ಬೇರೆ ಇಟ್ಟುಕೊಳ್ಳಿ, ದೇವರ ಬಾಗಿಲು ಹಾಕಿರಲಿ, ಮನೆಯವರೇ ಅಡುಗೆ ಮಾಡಲಿ, ಗಂಡಸರು ಆ ದಿನವಾದರೂ ಒಲೆ ಮುಂದೆ ನಿಲ್ಲಲಿ. ಈ ಸಲ ಅದು 20ನೇ ತಾರೀಖು ಶುಕ್ರವಾರ ಬಿದ್ದಿದೆ. ಶುಕ್ರವಾರ ಮಾಡದ ಮನೆಯವರು ಭಾನುವಾರಕ್ಕೆ ಇಟ್ಟುಕೊಳ್ಳುವುದುಂಟು. ಇದನ್ನೂ ಅತ್ತೆಯವರನ್ನೇ ಕೇಳಿ. ಇದಕ್ಕಾಗಿ ಜಗಳ ಬೇಡ.

ಆದರೆ 20ರ ಸಂಜೆಯ ಚಂದ್ರದರ್ಶನ ಬಿಡಬೇಡಿ. 19ರ ಸಂಜೆ ಚಂದ್ರ ಕಾಣುವುದಿಲ್ಲ, ಅಮಾವಾಸ್ಯೆ ಮುಗಿದು ಅರ್ಧ ದಿನವಷ್ಟೇ ಆಗಿರುತ್ತದೆ. 20ರಂದು ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಎಳೆಗೆರೆಯಂತೆ ಚೆನ್ನಾಗಿ ಕಾಣುತ್ತಾನೆ. ನಿಮ್ಮ ಕಡೆ ವಿಮಾನದ ದೀಪಗಳೂ ಸಾಲಾಗಿ ಬರುತ್ತಿರುತ್ತವೆ, ಮಗಳು ಮೊದಲು ಅವನ್ನೇ ತೋರಿಸುತ್ತಾಳೆ. ಚಂದ್ರನ ಯಾವ ಕೊಂಬು ಮೇಲಿದೆ ಎಂದು ನೋಡಿ ಮಳೆ ಬೆಳೆ ಲೆಕ್ಕ ಹಾಕುವುದು ಹಳ್ಳಿಯ ಹಿರಿಯರಿಗೆ ಗೊತ್ತು. ಏಳನೇ ಮಹಡಿಯಿಂದ ಅತ್ತೆಯವರು ಏನು ಹೇಳುತ್ತಾರೋ ಅದನ್ನೂ ನೋಟ್‌ಪುಸ್ತಕಕ್ಕೆ ಬರೆಸಿ. ಚಂದ್ರನಿಗೆ ಕೈಮುಗಿದು ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ಕ್ರಮ.

ಆಮೇಲಿನ ದಿನಗಳಿಗೆ ಹೆಚ್ಚೇನೂ ಬೇಡ. ರಾಮನವಮಿಯ ದಿನ ಗಡಿಗೆಯ ಪಕ್ಕ ಪಾನಕ ಮಜ್ಜಿಗೆ ಇಡಿ. ಚೈತ್ರದ ಹುಣ್ಣಿಮೆ ದವನದ ಹುಣ್ಣಿಮೆ. ಹೂವಿನ ಅಂಗಡಿಯಲ್ಲಿ ಒಂದು ಕಟ್ಟು ದವನ ತಂದು ದೇವರಿಗೆ ಏರಿಸಿ, ಒಂದು ಕಡ್ಡಿಯನ್ನು ಅತ್ತೆಯವರ ಮುಡಿಗೋ ದಿಂಬಿನ ಪಕ್ಕಕ್ಕೋ ಇಡಿ. ಆ ಪರಿಮಳ ಈ ಕಾಲಕ್ಕಷ್ಟೇ ಸಿಗುವಂಥದ್ದು.

ಅರವಟ್ಟಿಗೆ ಎಲ್ಲಿಯವರೆಗೆ ಎಂದು ಕೇಳುತ್ತೀರಿ. ಶಾಸ್ತ್ರದ ಪ್ರಕಾರ ನಾಲ್ಕು ತಿಂಗಳು, ಚೈತ್ರದಿಂದ ಆಷಾಢ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬರುವುದರಿಂದ ಆಷಾಢ ಮುಗಿಯುವಾಗ ಆಗಸ್ಟ್ 12 ಆಗುತ್ತದೆ, ಅಂದರೆ ಐದು ತಿಂಗಳು ಹತ್ತಿರ. ಅಧಿಕ ಮಾಸದಲ್ಲಿ ಕೊಟ್ಟ ದಾನಕ್ಕೆ ಫಲ ಹೆಚ್ಚು ಎನ್ನುತ್ತಾರೆ, ಆದ್ದರಿಂದ ನಡುವೆ ನಿಲ್ಲಿಸಬೇಡಿ. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ, ಊರ ಕಡೆ ರಾಗಿ ಬಿತ್ತನೆ ನಡೆದಿರುತ್ತದೆ. ಗಡಿಗೆ ಬಿರುಕು ಬಿಡದೆ ಉಳಿದಿದ್ದರೆ ತೊಳೆದು ಒಣಗಿಸಿ ಬೋರಲು ಹಾಕಿ ಇಡಿ, ಮುಂದಿನ ಏಪ್ರಿಲ್ 7ಕ್ಕೆ ಬೇಕಾಗುತ್ತದೆ. ಬಿರುಕು ಬಿಟ್ಟಿದ್ದರೆ ಎಸೆಯಬೇಡಿ, ಹೊಲದ ಮಣ್ಣು ತುಂಬಿ ಅದರಲ್ಲೇ ಒಂದು ಹೊಂಗೆ ಬೀಜ ಹಾಕಿ. ಸಸಿ ಮೊಳಕಾಲೆತ್ತರ ಬಂದ ಮೇಲೆ ಎಲ್ಲಿ ನೆಡಬೇಕು ಎಂಬುದು ಅತ್ತೆಯವರಿಗೂ ಮಗಳಿಗೂ ಬಿಟ್ಟದ್ದು.